ಖಂಡಪ್ಪನ ದಮ್ಮು

ಖಂಡಪ್ಪನಿಗೆ ತನ್ನ ಉಸಿರಿನ ಮೇಲಿನ ನಂಬಿಕೆ ಹೋದದ್ದು ಶಹಾಪುರದ ಹೊರಗಿನ ಒಂದು ಗದ್ದೆಯಲ್ಲಿ.

ಆಗ ಕಾಲುವೆಗೆ ನೀರು ಬಂದ ಹೊಸತು. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲದಲ್ಲಿ ಭತ್ತದ ಹಸಿರು ಕಾಣಿಸಿಕೊಂಡಿತ್ತು. ಕೊಯ್ಲು ಮುಗಿದ ಗದ್ದೆಯ ಕೂಳೆ ಕಿತ್ತು, ನೀರು ಚಿಮುಕಿಸಿ, ಮಣ್ಣು ತುಳಿದು ಸಮ ಮಾಡಿದರೆ ಕಬಡ್ಡಿಗೆ ಅದಕ್ಕಿಂತ ಮೆತ್ತನೆಯ ಅಂಗಳ ಬೇರೆ ಇರಲಿಲ್ಲ. ಹಾಗಾಗಿ ಸುರಪುರದಿಂದ ಶಹಾಪುರದವರೆಗೆ, ನೀರು ಹೋದ ಊರಿಗೆಲ್ಲ ಅದರ ಹಿಂದೆಯೇ ಆಟವೂ ಹೋಯಿತು.

ದೇವಾಪುರದ ತಂಡಕ್ಕೆ ಖಂಡಪ್ಪನೇ ರೇಡರ್. ಎದುರಾಳಿಯ ಅಂಗಳಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಯಾರನ್ನಾದರೂ ಮುಟ್ಟಿ, ಆ ಉಸಿರು ಮುಗಿಯುವ ಮೊದಲು ತನ್ನ ಗೆರೆ ಸೇರಬೇಕು. ಆ ಉಸಿರಿಗೆ ಈ ಕಡೆಯವರು ದಮ್ಮು ಎನ್ನುತ್ತಾರೆ. ನಡುವೆ ಮುರಿದರೆ ಔಟು.

ಶಹಾಪುರದ ಫೈನಲ್ಲಿನ ಕೊನೆಯ ರೇಡು ಖಂಡಪ್ಪನದು. ಮುಟ್ಟಿ ತಿರುಗುವಷ್ಟರಲ್ಲಿ ಎದುರಿನವರು ಸೊಂಟಕ್ಕೆ, ಕಾಲಿಗೆ ಜೋತುಬಿದ್ದರು. ಅವರನ್ನು ಎಳೆದುಕೊಂಡೇ ತೆವಳಿ ಆತ ಗೆರೆಯಾಚೆ ಕೈ ಚಾಚಿದ. ಕೈ ದಾಟಿದ್ದನ್ನು ಎಲ್ಲರೂ ಕಂಡರು. ಆದರೆ ದಮ್ಮು? ಅಂಪೈರ್‌ಗೆ ಕೇಳಿಸಿರಲಿಲ್ಲ. ಕೇಳಿಸುವುದಾದರೂ ಹೇಗೆ? ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಮೈಕು ಹಿಡಿದು ಕೂತಿದ್ದ ದೇವಾಪುರದ ನಬಿಸಾಬನ ದನಿ, ಕಂಬಕ್ಕೆ ಕಟ್ಟಿದ ಭೋಂಗಾಗಳಿಂದ ಹೊರಬಿದ್ದು ಇಡೀ ಬಯಲನ್ನು ಮುಚ್ಚಿಬಿಟ್ಟಿತ್ತು. ಅಂಪೈರ್‌ಗೆ ತಿಳಿಯದ್ದನ್ನು ಎತ್ತರದಲ್ಲಿ ಕೂತ ಮೈಕಿನವನನ್ನು ಕೇಳುವುದು ಆಗಿನ ರೂಢಿ. ಅಂಪೈರ್ ಟ್ರೇಲರ್ ಕಡೆ ಮುಖ ಎತ್ತಿದ.

“ದಮ್ಮು ಮುರೀತು!” ಎಂದವು ಭೋಂಗಾಗಳು.

ಜನ ಚಪ್ಪಾಳೆ ತಟ್ಟಿದರು. ಮೈಕಿನವನು ತನ್ನ ಊರಿನವನೆಂದು ನೋಡದೆ ನ್ಯಾಯ ಹೇಳಿದನಲ್ಲ! ಖಂಡಪ್ಪ ಗೆರೆಯಾಚೆ ಕೈ ಚಾಚಿಕೊಂಡು, ತುಟಿಗೆ ಮಣ್ಣು ಮೆತ್ತಿಕೊಂಡು ಬಿದ್ದಿದ್ದ. ಬಾಯಲ್ಲಿ ಮಾತು ಇತ್ತೋ ನಿಂತಿತ್ತೋ ಎಂದು ನೆನಪಿಸಿಕೊಳ್ಳಲು ನೋಡಿದ. ಕಿವಿಯಲ್ಲಿ ನಬಿಸಾಬನ ದನಿಯಲ್ಲದೆ ಏನೂ ಉಳಿದಿರಲಿಲ್ಲ. ಅದನ್ನೇ ನಂಬಿದ.

ಆಟಗಾರರನ್ನು ಆರಿಸಿಕೊಳ್ಳಲು ಗುಲಬರ್ಗಾದಿಂದ ಬಂದಿದ್ದ ಕೋಚು ಎದ್ದು ಹೋಗುವಾಗ ಪಕ್ಕದವರಿಗೆ ಹೇಳಿದ್ದು ಅವನಿಗೂ ಕೇಳಿಸಿತು. “ಕಾಲು ಛಲೋ ಅದಾವ. ದಮ್ಮಿಲ್ಲ.”

ಮುಂದೆ ಖಂಡಪ್ಪ ಕಾಲುವೆಯ ಲಸ್ಕರ್ ಆದ. ತೂಬಿನ ಗೇಟು ಏರಿಸುವುದು, ಇಳಿಸುವುದು, ಏರಿಯ ಮೇಲೆ ಸೈಕಲ್ ತುಳಿಯುತ್ತ ನೀರು ಎಲ್ಲಿಗೆ ಮುಟ್ಟಿತೆಂದು ನೋಡಿಕೊಂಡು ಬರುವುದು. ಯಾರ ಮೇಲೂ ಅವನಿಗೆ ಸಿಟ್ಟಿರಲಿಲ್ಲ. ಔಟೆಂದರೆ ಹೊರಗೆ ಹೋಗಿ ಕೂರಬೇಕು, ಅಷ್ಟೆ. ಕೂತಲ್ಲಿಯೇ ಆ ಮಾತಿಗೆ ಒಂದೊಂದಾಗಿ ಸಾಕ್ಷಿ ಕೂಡಿಸಿಕೊಂಡ. ಅಪ್ಪನಿಗೆ ಮಳೆಗಾಲದಲ್ಲಿ ಕೆಮ್ಮು ಬರುತ್ತಿತ್ತು. ಅಜ್ಜ ಉಬ್ಬಸದಿಂದ ಹೋಗಿದ್ದ. ದೇವರಿಗೆಂದು ಗುಡ್ಡ ಹತ್ತುವಾಗ ಖಂಡಪ್ಪ ನಡುವೆಯೇ ಒಂದು ಕಲ್ಲಿನ ಮೇಲೆ ಕೂತುಬಿಡುತ್ತಿದ್ದ. “ನಡೀರಿ, ನೀವು ಹೋಗಿ ಬರ್ರಿ. ನಮ್ಮ ಮನೆತನದಾಗ ದಮ್ಮಿಲ್ಲ.” ಹೆಂಡತಿ ದುರಗಮ್ಮ ಮೊದಮೊದಲು ನಗುತ್ತಿದ್ದಳು. ಆಮೇಲೆ ಅವಳೂ ಅದನ್ನು ನಂಬಿದಳು.

ಮಗಳು ರೇಣಮ್ಮ ಸುರಪುರದ ಹೈಸ್ಕೂಲಿಗೆ ಹೋದ ಮೇಲೆ ಕಬಡ್ಡಿ ಆಡತೊಡಗಿದಳು. ಅವಳೂ ರೇಡರ್. ಅಪ್ಪನ ಹಾಗೆಯೇ ಎಡಗಾಲು ಮುಂದೆ, ಅಪ್ಪನ ಹಾಗೆಯೇ ತಲೆ ತುಸು ಬಾಗಿಸಿ. ಒಂದು ಸಂಜೆ ಶಾಲೆಯ ಆಟದ ಮೇಡಂ ಮನೆಗೆ ಬಂದರು. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗುವ ಹುಡುಗಿ, ಕಳಿಸಿಕೊಡಿ ಎಂದರು.

“ಬ್ಯಾಡ್ರಿ ಮೇಡಂ,” ಎಂದ ಖಂಡಪ್ಪ.

“ಹುಡುಗಿ ಅಂತ ಬ್ಯಾಡ ಅಂತೀರೇನ್ರಿ?”

“ಹುಡುಗಿ ಅಂತಲ್ರಿ. ನನ್ನ ಮಗಳು ಅಂತ. ಕಾಲು ಅದಾವ, ಖರೆ. ಒಂದಿನ ಭರ್ತಿ ಮಂದ್ಯಾಗ ದಮ್ಮು ಮುರದು ಬೀಳ್ತಾಳ್ರಿ. ಬಿದ್ದವ್ರಿಗೆ ಗೊತ್ತು ಅದು.”

ಮೇಡಂ ಹೋದ ಮೇಲೆ ರೇಣಮ್ಮನನ್ನು ಹತ್ತಿರ ಕೂಡಿಸಿಕೊಂಡು ಶಹಾಪುರದ ಕತೆ ಹೇಳಿದ. ಬಾಯಿಗೆ ಬಂದ ಮಣ್ಣಿನ ರುಚಿಯವರೆಗೆ ಹೇಳಿದ. ಅವಳು ಅಳಲಿಲ್ಲ. ಅಪ್ಪನ ನೋವು ಕೇಳಿ ಅಪ್ಪನ ಕೈ ಹಿಡಿದುಕೊಂಡಳು. ತನ್ನ ಆಟ ಹೋಯಿತೆಂಬುದನ್ನು ಆ ಹೊತ್ತಿಗೆ ಮರೆತೇಬಿಟ್ಟಳು. ಮುಂದೆ ಬಳಿಚಕ್ರದ ಅಂಬ್ರಪ್ಪನನ್ನು ಮದುವೆಯಾಗಿ ಹೋಗಿ, ಅಲ್ಲಿಯ ಅಂಗನವಾಡಿಯಲ್ಲಿ ಕೆಲಸಕ್ಕೆ ಸೇರಿದಳು.

ಆಮೇಲೆ ಟಿವಿಯಲ್ಲಿ ದೊಡ್ಡ ಕಬಡ್ಡಿ ಬಂತು. ರಬ್ಬರಿನ ಹಾಸು, ಬಣ್ಣದ ದೀಪ, ದುಡ್ಡು ಕೊಟ್ಟು ಕೊಂಡ ಆಟಗಾರರು. ಖಂಡಪ್ಪ ಮದೀನಾಬೀಯ ಚಹಾದ ಹೋಟೆಲಿನಲ್ಲಿ ನೋಡುತ್ತಿದ್ದ, ರೇಣಮ್ಮ ಬಳಿಚಕ್ರದ ಮನೆಯಲ್ಲಿ. ಮರುದಿನ ಬೆಳಗ್ಗೆ ಆತ ಗೇಟಿನ ಹತ್ತಿರ ತಲುಪುವ ಹೊತ್ತಿಗೆ ಅವಳ ಫೋನು ಬರುತ್ತಿತ್ತು. ಯಾರು ಕಾಲು ಕೊಟ್ಟು ಕೆಟ್ಟ, ಯಾರು ಸುಮ್ಮನೆ ಹೋಗಿ ಸುಮ್ಮನೆ ಬಂದ, ಯಾವ ಕ್ಯಾಪ್ಟನ್‌ಗೆ ಬುದ್ಧಿಯಿಲ್ಲ. ಇಡೀ ದಿನದಲ್ಲಿ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಆ ಭಾನುವಾರ ಸಂಜೆ ಡೆಕ್ಕನ್ ತಂಡಕ್ಕೂ ಕೊಂಕಣ ತಂಡಕ್ಕೂ ಆಟ. ಹೋಟೆಲಿನ ಬೆಂಚುಗಳೆಲ್ಲ ತುಂಬಿದ್ದವು. ಬಸ್ ಕಂಡಕ್ಟರ್ ಬಸವಂತ್ರಾಯ ಊರಿಗೊಬ್ಬನೇ ಕೊಂಕಣ ತಂಡದ ಕಡೆಯವನು. ಉಳಿದವರ ಬಾಯಿಗೆಲ್ಲ ಅವನೇ ಆಹಾರ.

“ಲೇ ಬಸವಂತ್ರಾಯ, ನಿಮ್ಮವ್ರು ಮೀನು ಹಿಡಿಯೋ ಮಂದಿಯಲ್ಲೋ. ಕೈಗೆ ಸಿಕ್ಕ ಕಾಲು ಜಾರಿಸಿಬಿಡ್ತಾರಲ್ಲೋ!” ಎಂದ ನಬಿಸಾಬ. ಗಡ್ಡ ಬೆಳ್ಳಗಾಗಿದ್ದರೂ ದನಿ ಇನ್ನೂ ಭೋಂಗಾದ್ದೇ.

“ನಿಮ್ಮ ಡೆಕ್ಕನ್ನಿನ ರೇಡರ್ ಜಗಬೀರ ಏನ್ ಕಡದು ಹಾಕ್ಯಾನ್ರಿ ಕಾಕಾ? ಬೋನಸ್ ಗೆರಿ ಮುಟ್ಟಾದು, ಓಡಿ ಬರಾದು. ಸಂತ್ಯಾಗ ಬದನಿಕಾಯಿ ಮುಟ್ಟಿ ಮುಟ್ಟಿ ನೋಡಿ ಒಂದೂ ತಗೊಳ್ಳಾರದೆ ಹೋಗವ್ರಂಗ.”

“ಒಂದು ಚಹಾ ಹೇಳಾರದೆ ಆಟ ಮುಗಿಯೋತನ ಬೆಂಚು ಸವಸವ್ರೂ ಹಂಗ ಅದಾರಪಾ,” ಎಂದಳು ಮದೀನಾಬೀ ಒಲೆಯ ಕಡೆಯಿಂದ. ನಗುತ್ತ ಎಲ್ಲರೂ ಇನ್ನೊಂದು ಸುತ್ತು ಚಹಾ ಹೇಳಿದರು.

“ಆ ಎಡಗಡಿ ಕಾರ್ನರಿನವನ್ನ ನೋಡ್ರಿ,” ಬಸವಂತ್ರಾಯ ಬಿಡಲಿಲ್ಲ. “ಕುಂತಾನ, ಕುಂತಾನ, ಕೊಕ್ಕರೆಗತೆ ಕುಂತಾನ. ಹಿಡದ ಅಂದ್ರ ಮುಗೀತು.”

“ಬೋನಾಳ ಕೆರ್ಯಾಗಿನ ಕೊಕ್ಕರಿನೂ ಅಷ್ಟೊತ್ತು ಕುಂದ್ರಲ್ಲಪಾ. ನಿದ್ದಿ ಹತ್ತೈತೇನೋ ನೋಡು,” ಎಂದ ನಬಿಸಾಬ.

ಉಳಿದವರೆಲ್ಲ ಕಾಲು ನೋಡುತ್ತಿದ್ದರು. ಖಂಡಪ್ಪ ಆಟಗಾರರ ಬಾಯಿ ನೋಡುತ್ತಿದ್ದ. ಅದು ಅವನ ಅಭ್ಯಾಸ. ತುಟಿಗಳು ಅಲ್ಲಾಡುತ್ತಿರುವವರೆಗೆ ಅವನಿಗೂ ಉಸಿರು ಬಿಡಲಾಗುತ್ತಿರಲಿಲ್ಲ.

ಕೊನೆಯ ರೇಡಿಗೆ ಎರಡೂ ಕಡೆ ಅಂಕ ಸಮ. ಜಗಬೀರ ಹೋದ, ಕಾರ್ನರಿನವನ ಭುಜ ಮುಟ್ಟಿದ, ತಿರುಗುವಾಗ ಸಿಕ್ಕಿಬಿದ್ದ. ಮೂವರು ಮೈಮೇಲೆ ಬಿದ್ದರು. ಅವರ ಅಡಿಯಿಂದ ಒಂದು ಕೈ ತೆವಳಿ ಬಂದು ಗೆರೆ ದಾಟಿತು. ಹೋಟೆಲು ಎದ್ದು ನಿಂತಿತು. ಆದರೆ ಅಂಪೈರ್ ತನ್ನ ಬಾಯಿಗೆ ಬೆರಳಿಟ್ಟು ತೋರಿಸಿ ಔಟು ಕೊಟ್ಟ. ದಮ್ಮು ಮುರಿದಿದೆ ಎಂದು.

“ಮುರದಿಲ್ಲ!” ಎಂದು ಕೂಗಿದವನು ಖಂಡಪ್ಪ. ಅವನ ದನಿಗೆ ಅವನೇ ಬೆಚ್ಚಿದ.

ಡೆಕ್ಕನ್‌ನವರು ಮರುಪರಿಶೀಲನೆ ಕೇಳಿದರು. ಟಿವಿಯಲ್ಲಿ ಅದೇ ಕೈ ಮತ್ತೆ ಮತ್ತೆ ತೆವಳಿತು. ಬೇರೆಲ್ಲ ಸದ್ದು ಇಳಿಸಿ ಅಂಗಳದ ಮೈಕಿನ ದನಿಯೊಂದನ್ನೇ ಕೇಳಿಸಿದರು. ಮೂವರ ಮೈಯಡಿಯಲ್ಲಿ ತೆಳ್ಳಗೆ, ಬಾವಿಯ ತಳದಿಂದ ಬಂದಂತೆ, ಕಬಡ್ಡಿ ಕಬಡ್ಡಿ ಕಬಡ್ಡಿ. ಅಂಪೈರ್ ತನ್ನ ತೀರ್ಪು ಹಿಂದಕ್ಕೆ ಪಡೆದ. ಡೆಕ್ಕನ್ ಗೆದ್ದಿತು.

ಗದ್ದಲ ತಣ್ಣಗಾದ ಮೇಲೆ ನಬಿಸಾಬ ಬಸಿಯಿಂದ ಚಹಾ ಹೀರುತ್ತ ಹೇಳಿದ: “ಈಗ ನೋಡ್ರಿ, ಮಷೀನಿಗೆ ಕಿವಿ ಬಂದಾವ. ನಮ್ಮ ಕಾಲದಾಗ ನಾನ ಮಷೀನು! ಅಂಪೈರ್ ನನ್ನ ಕಡಿ ಮಾರಿ ಎತ್ತಿದ್ನಂದ್ರ, ನಾ ಅಂದಿದ್ದ ಖರೆ.”

“ಅಷ್ಟು ಮ್ಯಾಲ ಕುಂತವ್ರಿಗೆ ದಮ್ಮು ಕೇಳಸ್ತಿತ್ತೇನ್ರಿ?” ಬಸವಂತ್ರಾಯ ಕೇಳಿದ.

“ಎಲ್ಲಿ ಕೇಳ್ತೈತೋ ಮಾರಾಯಾ! ಭೋಂಗಾದಾಗ ನನಗ ನನ್ನ ದನಿ ಬಿಟ್ಟು ಏನೂ ಕೇಳ್ತಿದ್ದಿಲ್ಲ. ಅದಕ್ಕ ಒಂದು ಹಿಕಮತ್ತು ಇಟ್ಕೊಂಡಿದ್ದೆ. ಆಡವ ನಮ್ಮೂರವ ಇದ್ದಾ ಅಂದ್ರ, ದಮ್ಮು ಮುರೀತು ಅಂದುಬಿಡಾದು. ಹೊರಗಿನವ ಇದ್ರ, ಐತಿ ಐತಿ, ದಮ್ಮು ಐತಿ ಅನ್ನಾದು. ಮೈಕಿನವ ಇನ್ಸಾಫಿನ ಮನಶ್ಯಾ ಅಂತ ಹೆಸರಾತು. ಶಹಾಪುರದವ್ರು ಕರದ್ರು, ಯಾದಗಿರಿಯವ್ರು ಕರದ್ರು. ಊರವ್ರು ಎಲ್ಲಿ ಹೋಗ್ತಾರ? ಮನಿ ಮಂದಿ. ಒಂದು ಪಾಯಿಂಟ್ ಹೋದ್ರ ಏನಾತು?”

ಎಲ್ಲರೂ ನಕ್ಕರು. ಎಲ್ಲರ ಜೊತೆ ಖಂಡಪ್ಪನೂ ನಕ್ಕ. ಉಳಿದವರ ನಗು ಮುಗಿದ ಮೇಲೂ ಅದು ಅವನ ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತ್ತು.

ಹೊರಗೆ ನಬಿಸಾಬ ಚಪ್ಪಲಿ ಮೆಟ್ಟಿಕೊಳ್ಳುವಾಗ ಖಂಡಪ್ಪ ಹಿಂದೆ ಬಂದು ನಿಂತ. “ನಬ್ಯಾ, ಶಹಾಪುರದ ಫೈನಲ್ಲಿನಾಗ ನನ್ನ ದಮ್ಮು ನಿನಗ ಕೇಳಿಸಿತ್ತೇನು?”

“ಯಾವ ಫೈನಲ್ಲು?”

“ಗದ್ದ್ಯಾಗ ಆಡಿದ್ದು. ನಾ ಗೆರಿ ಮ್ಯಾಲ ಬಿದ್ದಿದ್ದೆ.”

ನಬಿಸಾಬ ನೆನಪಿಸಿಕೊಳ್ಳಲು ನಿಜವಾಗಿಯೂ ನೋಡಿದ. ಕಣ್ಣು ಕಿರಿದು ಮಾಡಿ ರಸ್ತೆಯ ಕಡೆ ನೋಡಿದ. “ಎಷ್ಟು ಫೈನಲ್ಲು ಮಾಡೀನೋ ಖಂಡಪ್ಪ. ಮುರದಿದ್ದೀತು. ಮುರದಿರಲಿಕ್ಕಿಲ್ಲ. ನನಗ ಹ್ಯಾಂಗ ಗೊತ್ತು?” ಆಮೇಲೆ ಗೆಳೆಯನ ಮುಖ ಕಂಡು ದನಿ ತಗ್ಗಿಸಿದ. “ಬಿಡೋ. ಈಗ್ಯಾಕ ಅದು? ನಾವಿಬ್ರೂ ಮುದುಕರಾಗೀವಿ.”

“ನಾ ಆಗೀನಿ. ರೇಣಿ ಆಗಿಲ್ಲ,” ಎಂದು ಖಂಡಪ್ಪ ಸೈಕಲ್ಲು ತಿರುಗಿಸಿಕೊಂಡ.

ಮನೆಯ ದಾರಿಯಲ್ಲಿ ಅವನಿಗೆ ನಬಿಸಾಬನ ಮೇಲೆ ಸಿಟ್ಟು ತಂದುಕೊಳ್ಳಲು ಆಗಲಿಲ್ಲ. ಮೈಕು ಔಟು ಮಾಡಿದ್ದು ಒಬ್ಬನನ್ನು ಮಾತ್ರ. ಇನ್ನೊಬ್ಬಳನ್ನು ಅಂಗಳಕ್ಕೆ ಇಳಿಯುವ ಮೊದಲೇ ಔಟು ಮಾಡಿದವನು ತಾನು. ಅವಳ ದಮ್ಮನ್ನು ತಾನು ಒಮ್ಮೆಯಾದರೂ ಕಿವಿಗೊಟ್ಟು ಕೇಳಿದ್ದನೇ? ಸುರಪುರದ ಶಾಲೆಯ ಬಯಲಿಗೆ ಒಂದು ದಿನವೂ ಹೋಗಿರಲಿಲ್ಲ. ಬೀಳುವುದನ್ನು ನೋಡಲಾರೆ ಎಂದು ಹೋಗಿರಲಿಲ್ಲ.

ಬೆಳಗ್ಗೆ ಗೇಟಿನ ಹತ್ತಿರ ಫೋನು ಬಂತು.

“ಯಪ್ಪಾ, ನೋಡಿದ್ಯಾ? ಏನ್ ದಮ್ಮಪಾ ಆ ಜಗಬೀರಂದು! ಮೂರು ಮಂದಿ ಮ್ಯಾಲ ಬಿದ್ರೂ ಬಿಟ್ಟಿಲ್ಲ ನೋಡು. ನಮ್ಮಂಥವ್ರಾಗಿದ್ರ ಅಲ್ಲೇ ಮುಗೀತಿತ್ತು.”

ನಮ್ಮಂಥವರು. ಅಷ್ಟು ಸಹಜವಾಗಿ, ಮೈಬಣ್ಣದ ಮಾತಾಡುವ ಹಾಗೆ ಅಂದಿದ್ದಳು. ನಿನ್ನೆಯ ಮಾತನ್ನು ಅವಳಿಗೆ ಹೇಳದೆ ಇರಬಹುದಿತ್ತು. ಆಟದ ಮಾತಾಡಿ ನಕ್ಕು ಫೋನು ಇಟ್ಟರೆ ನಾಳೆಯೂ ಫೋನು ಬರುತ್ತದೆ. ಹೇಳಿದರೆ ಏನು ಬರುತ್ತದೋ ಅವನಿಗೆ ತಿಳಿಯದು. ಖಂಡಪ್ಪ ಗೇಟಿನ ಚಕ್ರ ಹಿಡಿದುಕೊಂಡು ನಬಿಸಾಬ ಹೇಳಿದ್ದನ್ನು ಹೇಳಿದ. ಕೂಡಿಸಲಿಲ್ಲ, ಕಳೆಯಲಿಲ್ಲ.



“ಅಂದ್ರ ನಿಂದು ಮುರದಿದ್ದಿಲ್ಲೇನು?”

“ಯಾರಿಗೂ ಗೊತ್ತಿಲ್ಲ ಯವ್ವಾ. ನನಗೂ ಗೊತ್ತಿಲ್ಲ.”

“ಮತ್ತ ನಂದು?”

ಖಂಡಪ್ಪ ಗೇಟಿನ ಚಕ್ರದಿಂದ ಕೈ ತೆಗೆದ.

“ನೀ ಅಂದಿದ್ದಿ ಅಂತ ನಾ ಒಂದಿನಾನೂ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಸಿಟ್ಟು ಬಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ದನಿಯಲ್ಲಿ ಸಿಟ್ಟಿರಲಿಲ್ಲ. ಕೈಯಲ್ಲಿದ್ದ ಏನನ್ನೋ ಎಲ್ಲಿ ಇಟ್ಟೆನೆಂದು ಹುಡುಕುವವಳ ದನಿ ಅದು. “ತಡಿ ಯಪ್ಪಾ. ಫೋನ್ ಇಡಬ್ಯಾಡ.”

ಕದ ಮುಚ್ಚಿದ ಸದ್ದಾಯಿತು. ಆಮೇಲೆ ಉಸಿರು ಒಳಗೆಳೆದುಕೊಂಡ ಸದ್ದು. ಏನಾಗುತ್ತಿದೆ ಎಂದು ಅವನಿಗೆ ತಿಳಿಯುವ ಮೊದಲೇ ಶುರುವಾಯಿತು. ಕಬಡ್ಡಿ ಕಬಡ್ಡಿ ಕಬಡ್ಡಿ. ಮೊದಲು ಮೆಲ್ಲಗೆ, ನೆರೆಮನೆಯವರಿಗೆ ಕೇಳಿಸೀತೆಂಬ ನಾಚಿಕೆಯಲ್ಲಿ. ನಂತರ ನಾಚಿಕೆ ಎಲ್ಲಿ ಹೋಯಿತೋ, ದನಿ ಬಿಗಿಯಾಯಿತು, ನೇರವಾಯಿತು, ಒಂದೇ ಎಳೆಯಾಗಿ ನಡೆಯಿತು.

ಗೇಟಿನಡಿ ನೀರು ಭೋರ್ಗರೆಯುತ್ತಿತ್ತು. ಈ ಸದ್ದಿನಲ್ಲಿ ಅವಳದು ಮುಚ್ಚಿಹೋದೀತೆಂದು ಖಂಡಪ್ಪ ಏರಿಯಿಳಿದು ದೂರದ ಜಾಲಿಗಿಡಗಳ ಕಡೆ ಓಡಿದ, ಫೋನನ್ನು ಕಿವಿಗೆ ಒತ್ತಿಕೊಂಡು. ಈಗ ಮುರಿಯುತ್ತದೆ ಎಂದುಕೊಂಡ. ಮುರಿಯಲಿಲ್ಲ. ಮುರಿಯಲಿ ಎಂದು ಒಂದು ಗಳಿಗೆ ಬೇಡಿಕೊಂಡದ್ದೂ ಹೌದು. ಮುರಿದರೆ ತಾನು ಅಂದು ಮೇಡಂಗೆ ಹೇಳಿದ್ದು ನಿಜವಾಗುತ್ತಿತ್ತು. ದನಿ ಮುಂದಕ್ಕೆ ಹೋಗುತ್ತಲೇ ಇತ್ತು. ಅದು ಮುಂದಕ್ಕೆ ಹೋದಷ್ಟೂ, ಅವಳು ಆಡದೆ ಉಳಿದ ಅಂಗಳಗಳು ಅವನ ಕಣ್ಣೆದುರು ಒಂದರ ಆಚೆ ಒಂದು ತೆರೆದುಕೊಂಡವು.

ಸಾಕು ಬಿಡವ್ವಾ ಎಂಬ ಮಾತು ಗಂಟಲಿಗೆ ಬಂತು. ಹೇಳಿದರೆ ಅವಳನ್ನು ಎರಡನೆಯ ಸಲ ತಡೆದಂತಾಗುತ್ತದೆ. ಖಂಡಪ್ಪ ಜಾಲಿಯ ನೆರಳಿನಲ್ಲಿ ಕೇಳುತ್ತ ನಿಂತ.