ಅನ್ನ ಬೇಯುವಷ್ಟು ಹೊತ್ತು

ಕೈ ಮೇಲೆತ್ತಿದರೆ ವಠಾರದ ಹೆಂಗಸರೆಲ್ಲರ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಖಾಲಾ ಅವರದು ಮಾತ್ರ ಮಣಿಕಟ್ಟಿನಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಮುಂಗೈ ಅಷ್ಟು ಗಟ್ಟಿ. ಐವತ್ತು ದಾಟಿದ ಆಕೆ ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ನಲ್ಲಿಯಿಂದ ಬರುತ್ತಿದ್ದರೆ, ಜಗಲಿಯ ಮೇಲಿದ್ದ ಗಂಡಸರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ಯಶವಂತಪುರದ ಆ ವಠಾರದಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ಖಾಲಾ ಎಂದರೆ ಅವರ ಮನೆಮಾತಿನಲ್ಲಿ ಚಿಕ್ಕಮ್ಮ. ಅಕ್ಕನ ಮಕ್ಕಳು ಕರೆಯುತ್ತಿದ್ದುದು ವಠಾರಕ್ಕೆಲ್ಲ ಅಂಟಿಕೊಂಡಿತ್ತು. ಖಾಲಾ ಅವರ ತಂದೆ ಗರಡಿಯ ಉಸ್ತಾದರು. ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ಕಿಟಕಿಯಲ್ಲಿ ನಿಂತು ನೋಡಿದ್ದನ್ನೆಲ್ಲ ಇವರು ಹಿತ್ತಲಲ್ಲಿ ಮಾಡಿ ಕಲಿತಿದ್ದರು. ಬೆಳಗಿನ ನಮಾಜು ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಕಿ ಹೊಡೆಯದಿದ್ದರೆ ಅವರಿಗೆ ಟೀ ಇಳಿಯುತ್ತಿರಲಿಲ್ಲ.

ನನ್ನ ಮಗನಿಗೆ ಪೋಲಿಯೋ ಆಗಿ ಎರಡೂ ಕಾಲು ಸೋತಿದ್ದವು. ಸ್ಕೂಲಿಗೆ ನಾನೇ ಎತ್ತಿಕೊಂಡು ಹೋಗುತ್ತಿದ್ದೆ. ದಸರಾ ರಜೆಗೆ ಮುಂಚೆ ಹೆಡ್ಮಾಸ್ಟರು ಕರೆಸಿ, "ಬರೋ ವರ್ಷ ಐದನೇ ಕ್ಲಾಸು ಮಹಡಿ ಮೇಲೆ ಕಣಮ್ಮ. ನಿಮ್ಮ ಕೈಲಿ ಹತ್ತಿಸೋಕಾಗಲ್ಲ ಅಂದ್ರೆ ಬಿಡಿಸ್ಕೊಂಡ್ಬಿಡಿ" ಎಂದರು. ಹುಡುಗ ಭಾರವಾಗಿದ್ದ, ನನ್ನ ಬೆನ್ನು ಆಗಲೇ ಹಿಡಿದುಕೊಂಡಿತ್ತು. ಯಜಮಾನರು ಬೆಳಗಾಗುವ ಮೊದಲೇ ಶಿಫ್ಟಿಗೆ ಹೊರಡುವವರು. "ಓದಿ ಏನಾಗ್ಬೇಕು, ಮನೇಲೇ ಇರ್ಲಿ" ಎಂದರು ಅತ್ತೆ. ಮಗನನ್ನು ಮೂಲೆಯಲ್ಲಿ ಕೂರಿಸುವ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಉರಿದು ಮಾಡುವುದೇನು, ಹಿತ್ತಲಿಗೆ ಹೋಗಿ ಅಳುತ್ತಾ ಕೂತೆ.

"ಅಳೋಕೆ ಟೈಮಿದೆ, ಕಸರತ್ ಮಾಡೋಕಿಲ್ವಾ?" ಎಂದರು ಖಾಲಾ.

"ಎಲ್ಲಿದೆ ಟೈಮು ಖಾಲಾ, ನೀವೇ ನೋಡ್ತೀರಲ್ಲ."

"ಸ್ಟೌ ಮೇಲೆ ಅನ್ನಕ್ಕಿಟ್ಟು ಬಾ ಬೇಟಿ. ಬೇಯೋವರ್ಗೂ ನನ್ ಮಾತು ಕೇಳು. ಆಮೇಲೆ ನಿನ್ ಸಂಸಾರ ನೋಡ್ಕೋ."

ಸಂಪು ರಿಪೇರಿಯಲ್ಲಿ ಉಳಿದಿದ್ದ ಸಿಮೆಂಟನ್ನು ಕಲಸಿ ಎರಡು ವನಸ್ಪತಿ ಡಬ್ಬಕ್ಕೆ ತುಂಬಿದರು. ನಡುವೆ ಹಳೇ ನಲ್ಲಿಯ ಪೈಪು ನೆಟ್ಟು, ಒಣಗುವವರೆಗೂ ಅವರೇ ನೀರು ಹಾಕಿದರು. ಎತ್ತಿ ಇಳಿಸುವ ಆ ಭಾರ ಕೈಗೆ ಬಂದಾಗ ಆಯುಧಪೂಜೆ. ನಾನು ಅದಕ್ಕೂ ಕುಂಕುಮವಿಟ್ಟು, ಚೆಂಡುಹೂ ಮುಡಿಸಿ, "ಇವತ್ತು ಎತ್ತೋ ಹಾಗಿಲ್ಲ ಖಾಲಾ, ಪೂಜೆ ಮಾಡಿದೀನಿ" ಎಂದು ಖುಷಿಯಿಂದ ಹೇಳಿದೆ.

"ರಜಾ ಡಬ್ಬಕ್ಕೆ. ನಿಂಗ್ಯಾರು ಕೊಟ್ರು?" ಎಂದು ಮಗನನ್ನು ನನ್ನ ಬೆನ್ನಿಗೆ ಹತ್ತಿಸಿ ಬಸ್ಕಿ ಹೊಡೆಸಿದರು.

"ಸೊಂಟ ಬಗ್ಗಿಸಿ ಎತ್ಬೇಡ. ಕೂತ್ಕೋ, ಎದೆಗೆ ಎಳ್ಕೋ, ತೊಡೆ ಜೋರಲ್ಲಿ ಏಳು." ಎಷ್ಟೋ ಸಲ ಅನ್ನ ಸೀದಿತು. ಯಜಮಾನರು ಗೊಣಗದೆ ತಿಂದರು, ಅದೂ ಒಂದು ಉಪಕಾರವೇ. ಜೂನ್‌ನಲ್ಲಿ ಸ್ಕೂಲು ಶುರುವಾದ ದಿನ ಮಗನನ್ನು ಎದೆಗಪ್ಪಿಕೊಂಡು ಎಲ್ಲೂ ನಿಲ್ಲದೆ ಮೆಟ್ಟಿಲು ಹತ್ತಿದೆ. ಜಂಬದಿಂದ ಓಡಿಬಂದು ಖಾಲಾಗೆ ಹೇಳಿದೆ.

"ಒಳ್ಳೇದಾಯ್ತು. ಮದ್ವೆ ಮಂಟಪಕ್ಕೂ ಹಿಂಗೇ ಎತ್ಕೊಂಡ್ ಹೋಗ್ತೀಯಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅವರು ಅದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಮರುದಿನ ಹಳೇ ಸೈಕಲ್ ಟ್ಯೂಬು ತಂದು ನಮ್ಮ ಕಿಟಕಿಯ ಸರಳಿಗೇ ಕಟ್ಟಿ, ಮಗನ ಕೈಗೆ ಕೊಟ್ಟು ಎಳೆ ಎಂದರು. ಅಕ್ಕಪಕ್ಕ ಎರಡು ಇಟ್ಟಿಗೆ ಇಟ್ಟು, ನಡುವೆ ಅವನನ್ನು ಕೂರಿಸಿ, ಇಟ್ಟಿಗೆಗೆ ಅಂಗೈ ಊರಿ ಮೈ ಮೇಲೆತ್ತಲು ಹೇಳಿದರು. ಅವನ ತೋಳು ನಡುಗಿತು, ಅಂಗೈ ಬೊಬ್ಬೆ ಎದ್ದಿತು, "ಅಮ್ಮಾ" ಎಂದು ಅತ್ತ. ಎತ್ತಿಕೊಳ್ಳಲು ಓಡಿದೆ.

"ಮುಟ್ಟಿದ್ರೆ ನೋಡು!" ಖಾಲಾ ನನ್ನನ್ನು ಅಡ್ಡಗಟ್ಟಿದರು. ಅವರ ಕಣ್ಣಲ್ಲೂ ನೀರಿತ್ತು. "ನಿನ್ ಕೈಗೆ ಬಂತಲ್ಲ, ಅವನ್ ಕೈಗೂ ಬರ್ಲಿ. ನಾನೂ ಇರಲ್ಲ, ನೀನೂ ಇರಲ್ಲ ಕಣೇ."

ಆಮೇಲೆ ಅನ್ನ ಬೇಯುವ ಹೊತ್ತು ಅವನದಾಯಿತು. ಆಸ್ಪತ್ರೆಯಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿಸಿದೆವು, ಕಂಕುಳಿಗೆ ಊರುಗೋಲು ಬಂತು. ಏಳನೇ ಕ್ಲಾಸಿಗೆ ಅವನು ಮಹಡಿಯನ್ನು ತಾನೇ ಹತ್ತಿದ. ಹಿಂದೆ ಚೀಲ ಹಿಡಿದುಕೊಂಡು ಹೋದ ನನಗೆ ಕೈಗೆ ಕೆಲಸವೇ ಇಲ್ಲದಂತಾಗಿ ಕಸಿವಿಸಿಯಾಯಿತು.

ಮಗ ಕಾಲೇಜಿಗೆ ಸೇರಿದ ವರ್ಷ ಖಾಲಾ ಹೋಗಿಬಿಟ್ಟರು. ಎದೆನೋವು ಎಂದು ಮಲಗಿದವರು ಏಳಲಿಲ್ಲ. ಗಂಡಸರು ಹೆಗಲು ಕೊಟ್ಟು ಖಬರಸ್ತಾನಕ್ಕೆ ಹೊರಟರು. ಯಜಮಾನರು ಮಗನಿಗೆಂದು ಆಟೋ ತರಿಸಿದ್ದರು. "ಬೇಡಪ್ಪಾ, ನಡ್ಕೊಂಡೇ ಬರ್ತೀನಿ" ಎಂದ. ಗೇಟಿನ ಹತ್ತಿರದ ಕೆಸರಲ್ಲಿ ಊರುಗೋಲು ಜಾರಿ ಬಿದ್ದ. ಹೆಂಗಸರ ನಡುವೆ ನಿಂತಿದ್ದ ನಾನು ಹೊಸಿಲು ದಾಟಿಯೇ ಬಿಟ್ಟಿದ್ದೆ. ಹಲ್ಲು ಕಚ್ಚಿ ಅಲ್ಲೇ ನಿಂತೆ. ಅವನು ಎರಡೂ ಅಂಗೈ ನೆಲಕ್ಕೂರಿ ಮೈ ಎತ್ತಿದ, ಗೇಟು ಹಿಡಿದು ಎದ್ದ, ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡ. ಅಷ್ಟರಲ್ಲಿ ಜನ ತಿರುವು ದಾಟಿದ್ದರು. ಊರುಗೋಲನ್ನು ಮತ್ತೆ ಕಂಕುಳಿಗೆ ಕೊಟ್ಟು, ದೊಡ್ಡ ದೊಡ್ಡ ಹೆಜ್ಜೆ ಹಾಕಿ ಅವರನ್ನು ಸೇರಿಕೊಂಡ.