ಟೋಸ್ಟ್ ಭಟ್ಟಿಯ ಗಡಿಯಾರ ಮತ್ತು ನನ್ನ ಕೊಕ್ಕೆ

ಆಗ ನನಗೆ ಅರವತ್ತೊಂದು. ಇದು ಮೂರು ವರ್ಷದ ಹಿಂದಿನ ಮಾತು. ನಾಗಪುರದ ದಕ್ಷಿಣಕ್ಕೆ, ಬುಟಿಬೋರಿಯ ಕಾರ್ಖಾನೆಗಳ ನಡುವೆ ಒಂದು ಬೇಕರಿಯಲ್ಲಿ ಟೋಸ್ಟ್ ಭಟ್ಟಿಯ ಬಾಯಿಗೆ ನಿಲ್ಲುವುದು ನನ್ನ ಕೆಲಸವಾಗಿತ್ತು. ಗಂಡ ರೇಲ್ವೆಯವನು. ಗದಗದಿಂದ ವರ್ಗವಾಗಿ ಬಂದ, ಇಲ್ಲೇ ಸತ್ತ. ನಾನು ಊರಿಗೆ ಹೋಗಲಿಲ್ಲ; ಕೆಲಸ ಇಲ್ಲಿತ್ತು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದು ಸಿಕ್ಕಿದ್ದೇ ಸಾಕು.

ಭಟ್ಟಿ ಎಂದರೆ ಮನೆಯ ಒಲೆಯಷ್ಟು ಅಂದುಕೊಳ್ಳಬೇಡಿ. ಬಸ್ಸಿಗಿಂತ ಉದ್ದದ ಕಬ್ಬಿಣದ ಸುರಂಗ ಅದು. ಒಂದು ತುದಿಯಲ್ಲಿ ಹೋಳು ಮಾಡಿದ ಬ್ರೆಡ್ಡಿನ ಟ್ರೇ ಒಳಗೆ ಹೋಗುತ್ತದೆ, ಇನ್ನೊಂದು ತುದಿಯಲ್ಲಿ ಟೋಸ್ಟ್ ಆಗಿ ಹೊರಗೆ ಬರುತ್ತದೆ. ಒಳಗಿನ ಚೈನು ಒಂದು ಟ್ರೇಯಷ್ಟು ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಸರಿಯುತ್ತದೆ. ಯಾವಾಗ ಸರಿಯಬೇಕೆಂದು ಹೇಳುತ್ತಿದ್ದುದು ಮೂಲೆಯ ಧೂಳಿನ ಡಬ್ಬಿಯೊಳಗಿನ ಹಳೆಯ ಕಂಪ್ಯೂಟರ್.

ನಮ್ಮ ಕೈಯಲ್ಲಿ ಒಂದೊಂದು ಕೊಕ್ಕೆ ಇರುತ್ತಿತ್ತು. ಆಳೆತ್ತರದ ಸರಳು, ತುದಿ ಬಾಗಿಸಿದ್ದು. ಟ್ರೇ ಸಿಕ್ಕಿಕೊಂಡರೆ ಬಿಡಿಸಲು ಕೊಟ್ಟದ್ದು. ಆದರೆ ನಾವು ಹೆಂಗಸರು ಅದಕ್ಕೆ ಬೇರೆಯೇ ಕೆಲಸ ಹಚ್ಚಿದ್ದೆವು. ಬಾಗಿಲ ಹತ್ತಿರದ ಟ್ರೇಯಲ್ಲಿ ಬಣ್ಣ ಮೀರುತ್ತಿದೆ ಅನಿಸಿದರೆ ಅದು ತಾನಾಗಿ ಬರುವ ತನಕ ಕಾಯದೆ ಎಳೆದುಬಿಡುತ್ತಿದ್ದೆವು. ಸುಟ್ಟರೆ ಮಾಲೀಕ ಸೇಠ್ ಬೈಯುವುದು ಭಟ್ಟಿಗಲ್ಲ, ನಮಗೆ. ಹೊಸದಾಗಿ ಬಂದವಳಿಗೆ ಮೊದಲ ದಿನ ನೀರಿನ ಮಡಕೆ ತೋರಿಸುತ್ತಿದ್ದೆವು, ಆಮೇಲೆ ಕೊಕ್ಕೆ ಹಿಡಿಯುವುದನ್ನು ಕಲಿಸುತ್ತಿದ್ದೆವು.

ಆ ಮಳೆಗಾಲದಲ್ಲಿ ಕಂಪ್ಯೂಟರ್ ಸತ್ತಿತು. ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಭಟ್ಟಿ ಮಾಡಿಕೊಟ್ಟವರು ಎಂದೋ ಅಂಗಡಿ ಮುಚ್ಚಿಕೊಂಡು ಹೋಗಿದ್ದರು. ಸೇಠ್ ಬಂದು ನೋಡಿದ.

“ಮೌಶಿ, ಭಟ್ಟಿ ಬೂಢೀ ಹೋ ಗಯೀ,” ಎಂದ. ಚಿಕ್ಕಮ್ಮ, ಭಟ್ಟಿಗೆ ಮುಪ್ಪು ಬಂತು ಅಂತ.

“ನನಗಿಂತ ಚಿಕ್ಕವಳು, ಸೇಠ್,” ಎಂದು ನಾನೂ ಹಿಂದಿಯಲ್ಲೇ ಅಂದೆ.

ಅವನು ನಗಲಿಲ್ಲ. ದೀಪಾವಳಿಯ ಆರ್ಡರ್ ಶುರುವಾಗುವುದರೊಳಗೆ ಸರಿಯಾಗದಿದ್ದರೆ ಇದನ್ನು ನಾಗಪುರದ ವಾಡಿಯ ಗುಜರಿಯವನಿಗೆ ತೂಕಕ್ಕೆ ಹಾಕಿ ಹೊಸ ಆಟೋಮ್ಯಾಟಿಕ್ ಭಟ್ಟಿ ತರಿಸುತ್ತೇನೆ ಎಂದ. ಹೊಸದಕ್ಕೆ ಮೂರು ಜನ ಸಾಕಂತೆ. ನಾವು ಹದಿನಾಲ್ಕು ಹೆಂಗಸರಿದ್ದೆವು. ಲೆಕ್ಕ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೇಕರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕಂಪನಿಯವರು ಒಬ್ಬಳು ಹುಡುಗಿಯನ್ನು ಕಳಿಸಿದರು. ಚೈತ್ರಾ ಅಂತ ಹೆಸರು, ಎಂಜಿನಿಯರ್. ಮಧ್ಯಾಹ್ನ ಫೋನಿನಲ್ಲಿ ತಾಯಿಯ ಜೊತೆ ಕನ್ನಡದಲ್ಲಿ ಜಗಳವಾಡುತ್ತಿದ್ದಳು.

“ಯಾವೂರವ್ವ ನಿಂದು?” ಎಂದೆ.

ಬೆಚ್ಚಿಬಿದ್ದಳು. “ತುಮಕೂರು. ಅಯ್ಯೋ, ಕನ್ನಡದವ್ರಾ ಅಜ್ಜಿ ನೀವು?”

“ಅಜ್ಜಿ ಯಾರಿಗಂತಿ? ಇಲ್ಲೆ ಎಲ್ಲಾರೂ ಮೌಶಿ ಅಂತಾರ, ನೀನೂ ಹಂಗ ಅನ್ನು. ಡಬ್ಬಿ ತಂದಿಯೋ ಇಲ್ಲೋ?”

ತಂದಿರಲಿಲ್ಲ. ನನ್ನದರಲ್ಲಿ ಒಂದು ರೊಟ್ಟಿ ಕೊಟ್ಟೆ. ಪ್ರೀತಿ ಉಕ್ಕಿ ಕೊಟ್ಟದ್ದಲ್ಲ. ಹಸಿದವಳು ಭಟ್ಟಿಗೆ ಕೈ ಹಾಕುವುದು ಬೇಡ ಅಂತ.

ಅವಳು ಏನು ಮಾಡುತ್ತಿದ್ದಾಳೆಂದು ಕೇಳಿದೆ, ಅರ್ಥವಾಗುವ ತನಕ ಬಿಡಲಿಲ್ಲ. ಸತ್ತ ಕಂಪ್ಯೂಟರಿನ ಪ್ರೋಗ್ರಾಂ ಉಳಿದಿತ್ತು, ಶರೀರ ಹೋಗಿತ್ತು. ಬೇಕರಿಯ ಆಫೀಸಿನಲ್ಲಿ ಒಂದು ದೊಡ್ಡ ಹೊಸ ಸರ್ವರ್ ಇತ್ತು. ಅದರೊಳಗೆ ಹಳೆಯದರ ವೇಷ ಹಾಕಿದ ಒಂದು ಯಂತ್ರವನ್ನು ಕೂಡಿಸುತ್ತಾಳಂತೆ. ಅದಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರೆ, ಗೆಸ್ಟ್ ಅಂತಲೂ ಅನ್ನುತ್ತಾರೆ. ಗೆಸ್ಟಿಗೆ ತಾನು ಇನ್ನೊಬ್ಬರ ಮನೆಯಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ಸಾಕುವ, ಬೇಕುಬೇಡ ನೋಡುವ ಸಾಫ್ಟ್‌ವೇರಿನ ಹೆಸರು ಹೈಪರ್‌ವೈಸರ್.

“ಹಳೇ ಕಂಪ್ಯೂಟರಲ್ಲಿ ಟೈಮರ್ ಅಂತ ಒಂದು ಚಿಪ್ ಇತ್ತು ಮೌಶಿ. ಸೆಕೆಂಡಿಗೆ ಹದಿನೆಂಟು ಸಲ ಟಕ್ ಟಕ್ ಅಂತ ತಟ್ಟೋದು. ಪ್ರೋಗ್ರಾಂ ಆ ತಟ್ಟು ಎಣಿಸ್ಕೊಂಡು ಚೈನ್ ಬಿಡ್ತಿತ್ತು. ಈಗ ಆ ಚಿಪ್ ಇಲ್ಲ. ಅದರ ಬದಲು ಹೈಪರ್‌ವೈಸರೇ ತಟ್ಟಬೇಕು.”

“ಬರೋಬರ್ ತಟ್ಟತೈತೇನು?”

“ತಟ್ಟತ್ತೆ, ತಟ್ಟತ್ತೆ,” ಎಂದಳು.

ತಟ್ಟಿತು ಕೂಡ. ಅವಳ ಆಫೀಸಿನಲ್ಲಿ ಪರೀಕ್ಷೆ ಮಾಡಿದಾಗ ಒಂದು ತಟ್ಟೂ ತಪ್ಪಿರಲಿಲ್ಲವಂತೆ. ನಮ್ಮಲ್ಲಿ ಹಚ್ಚಿದ ಮೊದಲ ವಾರ ಟೋಸ್ಟು ಬಂಗಾರದ ಬಣ್ಣಕ್ಕೆ ಬಂತು. ಸೇಠ್ ಪೇಢೆ ಹಂಚಿದ.

ಆಮೇಲೆ ಕೆಲವು ಟ್ರೇ ಸುಡತೊಡಗಿದವು. ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ, ಮತ್ತೆ ಎರಡು ದಿನ ಏನೂ ಇಲ್ಲ. ಚೈತ್ರಾ ಗೆಸ್ಟಿನ ಒಳಗೆ ಹೊಕ್ಕು ನೋಡಿದಳು. ಎಲ್ಲ ಸರಿಯಾಗಿದೆ, ಹೇಳಿದ ಹೊತ್ತಿಗೇ ಚೈನು ಬಿಟ್ಟಿದ್ದೇನೆ ಎಂದು ಅದು ಹೇಳುತ್ತಿತ್ತು. ಹಾಗಾದರೆ ತಪ್ಪು ಹೆಂಗಸರದ್ದೇ ಎಂದು ಸೇಠ್ ತೀರ್ಮಾನ ಮಾಡಿದ. ಗುಜರಿಯವನಿಗೆ ಬಂದು ನೋಡಿಕೊಂಡು ಹೋಗಲು ಹೇಳಿಕಳಿಸಿದ. ಗುಜರಿಯವನು ಬಂದು ಭಟ್ಟಿಯ ಪಕ್ಕೆಯನ್ನು ಗೆಣ್ಣಿನಿಂದ ಬಡಿದು ನೋಡಿದ, ಕಲ್ಲಂಗಡಿ ನೋಡಿದ ಹಾಗೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಸುನಂದಾ ಅವನಿಗೆ ಮರಾಠಿಯಲ್ಲಿ ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಚೈತ್ರಾ ಆಫೀಸು ಬಿಟ್ಟು ಭಟ್ಟಿಯ ಬಾಯಿಗೆ ಬಂದು ನಮ್ಮ ಜೊತೆ ನಿಂತಳು. ಬೆವರು ಇಳಿಯುತ್ತಿತ್ತು, ಹೋಗಲಿಲ್ಲ. ನಾನು ಒಂದು ಟ್ರೇಗೆ ಕೊಕ್ಕೆ ಹಾಕಿ ಎಳೆದೆ.

“ಚೈನ್ ಇನ್ನೂ ಸರಿದಿರ್ಲಿಲ್ಲ. ಯಾಕೆ ಎಳೆದ್ರಿ?”

“ಬಣ್ಣ ಬಂತು, ಎಳದೆ.”

“ದಿನಕ್ಕೆ ಎಷ್ಟು ಸಲ ಹಿಂಗ್ ಎಳೀತೀರಿ?”

“ಯಾರು ಎಣಸ್ತಾರ? ಕೈ ತಾನ ಎಳೀತೈತಿ.”

ಹುಡುಗಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಮೊದಲ ವಾರ ಟೋಸ್ಟಿನ ಬಣ್ಣ ನೋಡಿ ಎಲ್ಲ ಸರಿಯಿದೆ ಅಂದುಕೊಂಡಿದ್ದಳು. ಆ ಬಣ್ಣ ಭಟ್ಟಿಯದಾಗಿರಲಿಲ್ಲ, ನಮ್ಮ ಕೊಕ್ಕೆಗಳದು. ತಡವಾದದ್ದನ್ನೆಲ್ಲ ನಾವು ಎಳೆದು ಮುಚ್ಚಿದ್ದೆವು. ಮುಚ್ಚಲಾರದಷ್ಟು ತಡವಾದವು ಮಾತ್ರ ಸುಟ್ಟಿದ್ದವು.

“ಮೌಶಿ, ಕೊಕ್ಕೆ ಕೆಳಗಿಡಿ. ಎಲ್ಲರಿಗೂ ಹೇಳಿ. ಒಂದಿಡೀ ಪಾಳಿ ಯಾರೂ ಎಳೀಬಾರ್ದು. ಸುಟ್ರೆ ಸುಡ್ಲಿ.”

“ಸೇಠ್ ಅಲ್ಲೇ ನಿಂತಾನ, ಕಾಣ್ಸೂದಿಲ್ಲೇನು? ಸುಟ್ಟಿದ್ದು ನೋಡಿದ್ರ ಇವತ್ತ ಲಾರಿ ತರಸ್ತಾನ. ನಿನ್ನ ನೌಕರಿ ಹೋದ್ರ ನೀ ಬೆಂಗಳೂರಿಗೆ ಹೋಗ್ತಿ. ನಾವೆಲ್ಲಿ ಹೋಗಬೇಕು?”

ಅವಳು ಸುಳ್ಳು ಧೈರ್ಯ ಹೇಳಲಿಲ್ಲ. “ಗೊತ್ತಿಲ್ಲ ಮೌಶಿ. ಆದ್ರೆ ನೀವು ಎಳೀತಾ ಇದ್ರೆ ನನಗೆ ಏನೂ ಕಾಣ್ಸಲ್ಲ.”

ಆ ಉತ್ತರ ನನಗೆ ಸೇರಿತು. ಗೊತ್ತಿಲ್ಲ ಅನ್ನುವವರನ್ನು ನಂಬಬಹುದು. ಕೊಕ್ಕೆಯನ್ನು ಗೋಡೆಗೆ ಒರಗಿಸಿದೆ. ಸುನಂದಾ ನನ್ನನ್ನು ನೋಡಿದಳು, ಬೈದಳು, ತಾನೂ ಒರಗಿಸಿದಳು. ಉಳಿದವರೂ ಇಟ್ಟರು.

ಎಳೆಯದೆ ನಿಲ್ಲುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಕಣ್ಣೆದುರಿಗೆ ಟೋಸ್ಟು ಕಪ್ಪಾಗುತ್ತಿತ್ತು. ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ. ಹೊಗೆ ಎದ್ದಿತು. ಸೇಠ್ ಕೂಗಿದ. ಚೈತ್ರಾ ಅವನಿಗೆ ಬೆನ್ನು ಹಾಕಿ, ಟ್ರೇ ತಡವಾದಾಗಲೆಲ್ಲ ಸರ್ವರಿನಲ್ಲಿ ಏನು ನಡೆದಿತ್ತೆಂದು ಲ್ಯಾಪ್‌ಟಾಪಿನಲ್ಲಿ ಹೊಂದಿಸಿ ನೋಡುತ್ತಿದ್ದಳು. ಸಂಜೆಗೆ ಸಿಕ್ಕಿತು.

ಅದೇ ಸರ್ವರಿನ ಮೇಲೆ ಸೇಠ್ ಇನ್ನೊಂದು ಕೆಲಸವನ್ನೂ ಹೇರಿದ್ದ. ನಾವು ಮೈಗಳ್ಳತನ ಮಾಡುತ್ತೇವೋ ಏನೋ ಎಂದು ಹೊಸದಾಗಿ ಹಾಕಿಸಿದ ಕ್ಯಾಮೆರಾಗಳ ಚಿತ್ರವೆಲ್ಲ ಅಲ್ಲಿಗೇ ತುಂಬುತ್ತಿತ್ತು. ಆ ಕೆಲಸ ಜೋರಾದಾಗ ಸರ್ವರ್ ನಮ್ಮ ಗೆಸ್ಟನ್ನು ಒಂದಿಷ್ಟು ಹೊತ್ತು ಮಲಗಿಸಿಬಿಡುತ್ತಿತ್ತು. ಮಲಗಿದವನಿಗೆ ತಟ್ಟಿದ್ದು ಕೇಳುವುದಿಲ್ಲ. ಎದ್ದ ಮೇಲೆ ತಾನು ಮಲಗಿದ್ದೆನೆಂದೂ ಗೊತ್ತಿಲ್ಲ, ಬಿಟ್ಟಲ್ಲಿಂದ ಎಣಿಸುತ್ತದೆ. ಅಷ್ಟು ಹೊತ್ತು ಟ್ರೇ ಬೆಂಕಿಯಲ್ಲೇ ನಿಂತಿರುತ್ತದೆ. ಗೆಸ್ಟ್ ಸುಳ್ಳು ಹೇಳಿರಲಿಲ್ಲ, ಪಾಪ. ಅದರ ಗಡಿಯಾರವೇ ನಿಂತಿತ್ತು.

“ನಮ್ಮನ್ನ ನೋಡಿ ನೋಡಿ ಭಟ್ಟಿಗೆ ಝೋಪ್ ಬಂತು,” ಎಂದಳು ಸುನಂದಾ. ನಿದ್ದೆ ಬಂತು ಅಂತ. ಹೆಂಗಸರೆಲ್ಲ ನಕ್ಕರು. ಸೇಠ್ ಕ್ಯಾಮೆರಾ ಕಡೆ ನೋಡಿದ.

ಚೈತ್ರಾ ತಪ್ಪಿಹೋದ ತಟ್ಟುಗಳನ್ನೆಲ್ಲ ಕೂಡಿಟ್ಟು, ಗೆಸ್ಟ್ ಎದ್ದ ಕೂಡಲೇ ಒಟ್ಟಿಗೆ ಕೊಡುವ ಹಾಗೆ ಮಾಡಿದಳು. ಮರುದಿನ ಏನಾಯಿತೆಂದರೆ, ಚೈನು ಹುಚ್ಚು ಹಿಡಿದ ಹಾಗೆ ಬೆನ್ನುಬೆನ್ನಿಗೆ ಎರಡು ಸಲ ಸರಿಯಿತು. ಒಂದು ಟ್ರೇ ಬಾಯಲ್ಲಿರುವಾಗಲೇ ಹಿಂದಿನದು ಬಂದು ಗುದ್ದಿತು. ಬಿಸಿ ಟ್ರೇ ಸುನಂದಾಳ ಕಾಲಿನ ಪಕ್ಕಕ್ಕೆ ಬಿತ್ತು. ಅವಳು ಹಾರಿ ತಪ್ಪಿಸಿಕೊಂಡಳು. ನಾನು ಚೈತ್ರಾಳ ಕಡೆ ತಿರುಗಿದೆ.

“ನಿನ್ನ ಗೆಸ್ಟಿಗೆ ಒಮ್ಮೆಲೆ ಉಣ್ಣಸಬ್ಯಾಡ,” ಎಂದು ರೇಗಿದೆ. “ಉಪವಾಸ ಇದ್ದವನ ಮುಂದ ಹಂಡೆ ಬೋರಲು ಹಾಕ್ತಾರೇನು?”

“ಬೋರಲು ಹಾಕಲ್ಲ ಮೌಶಿ. ಇನ್ನೊಂದು ದಾರಿ ಇದೆ. ಲೆಕ್ಕ ತಪ್ಪಬಾರ್ದು ಅಂತ ಅಷ್ಟೇ ನೋಡ್ದೆ, ಚೈನ್ ಹಿಂಗೆ ಬೆನ್ನುಬೆನ್ನಿಗೆ ಸರಿಯತ್ತೆ ಅಂತ ಯೋಚಿಸ್ಲಿಲ್ಲ.”

ದಾರಿಗಳು ಅವಳಿಗೆ ಮೊದಲಿಂದಲೂ ಗೊತ್ತಿದ್ದವು. ಈ ಭಟ್ಟಿಗೆ ಯಾವುದು ಒಗ್ಗುತ್ತದೆಂದು ಭಟ್ಟಿಯ ಮುಂದೆ ನಿಂತೇ ತಿಳಿಯಬೇಕಿತ್ತು. ಎರಡು ಕೆಲಸ ಮಾಡಿದಳು. ಸರ್ವರಿನ ಒಂದು ಭಾಗವನ್ನು ಭಟ್ಟಿಗೆಂದೇ ಮೀಸಲಿಟ್ಟು, ಕ್ಯಾಮೆರಾ ಅದನ್ನು ಮುಟ್ಟದ ಹಾಗೆ ಕಟ್ಟಿಹಾಕಿದಳು. ಅದಾದ ಮೇಲೂ ತಟ್ಟು ತಪ್ಪಿದರೆ ಒಟ್ಟಿಗೆ ಸುರಿಯದೆ, ಸ್ವಲ್ಪವೇ ಜಲ್ದಿ ಜಲ್ದಿ ತಟ್ಟುತ್ತಾ ಬಾಕಿ ತೀರಿಸುವ ಹಾಗೆ ಹೈಪರ್‌ವೈಸರಿಗೆ ಹೇಳಿದಳು. ಬಾಕಿ ತೀರಿದ್ದು ಹೊರಗೆ ನಿಂತವರಿಗೆ ತಿಳಿಯುವುದೇ ಇಲ್ಲ.

ಆಮೇಲೆ ದೀಪಾವಳಿಯ ಮೊದಲ ಆರ್ಡರಿನ ಪಾಳಿ. ಕ್ಯಾಮೆರಾಗಳನ್ನೆಲ್ಲ ಬೇಕೆಂದೇ ಜೋರಾಗಿ ಓಡಿಸಿದಳು. ಕೊಕ್ಕೆಗಳು ಗೋಡೆಗೇ ಇದ್ದವು. ಟ್ರೇ ಬಂತು, ನಿಂತಿತು, ಮತ್ತೊಂದು ಬಂತು. ಒಂದೂ ಕಪ್ಪಾಗಲಿಲ್ಲ, ಒಂದೂ ಗುದ್ದಲಿಲ್ಲ. ಸೇಠ್ ಒಂದು ಟೋಸ್ಟು ಮುರಿದು ಬಾಯಿಗೆ ಹಾಕಿಕೊಂಡು, ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಎಂದ. ಹದಿನಾಲ್ಕು ಜನವೂ ಉಳಿದೆವು. ಈಗಲೂ ಆ ಭಟ್ಟಿ ನಡೆಯುತ್ತಿದೆ. ನನ್ನ ಜಾಗದಲ್ಲಿ ಬೇರೊಬ್ಬಳು ನಿಲ್ಲುತ್ತಾಳೆ.

ಕೈಚಳಕದಿಂದ ಯಂತ್ರದ ರೋಗ ಮುಚ್ಚಿಟ್ಟರೆ ವೈದ್ಯ ಬಂದರೂ ನಾಡಿ ಸಿಗುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಅಷ್ಟು. ಕೆಟ್ಟದ್ದು ಕೆಟ್ಟ ಹಾಗೆ ಕಾಣಬೇಕು, ಸೇಠ್ ನಿಂತಿದ್ದರೂ.

ಆ ದೀಪಾವಳಿ ಪಾಳಿ ಮುಗಿಸಿ ಹೊರಡುವಾಗ ಗೋಡೆಯ ಕೊಕ್ಕೆಗೆ ನನ್ನ ಕೈ ತಾನಾಗಿ ಹೋಯಿತು. ಚೈತ್ರಾ ನೋಡಿದಳು.

“ಮೌಶಿ, ಅದನ್ನ ಮನೆಗೆ ತಗೊಂಡು ಹೋಗ್ಬಿಡಿ. ಇಲ್ಲಿದ್ರೆ ನಿಮ್ಮ ಕೈ ಸುಮ್ನಿರಲ್ಲ.”

ಟ್ರೇ ಸಿಕ್ಕಿಕೊಂಡರೆ ಬೇಕೆಂದು ಒಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನದನ್ನು ನಾನು ತೆಗೆದುಕೊಂಡು ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿಯಲೇ ಎಂದು ಕೇಳಿದ. ಅದು ನಿಂತೇ ಬರುತ್ತದೆ, ಸೀಟು ಬೇಡ ಎಂದೆ.

ಮರುದಿನ ಬೆಳಿಗ್ಗೆ ಎದ್ದು, ಆ ಕೊಕ್ಕೆಯಿಂದ ಮನೆಯ ಹಿಂದಿನ ಮರದ ನುಗ್ಗೆಕಾಯಿ ಕಿತ್ತೆ. ಪಲ್ಯ ಮಾಡಿ, ರೊಟ್ಟಿ ಬಡಿದು, ನನಗೊಂದು, ಚೈತ್ರಾಗೊಂದು ಡಬ್ಬಿ ಕಟ್ಟಿಕೊಂಡು ಬುಟಿಬೋರಿಯ ಬಸ್ ಹತ್ತಿದೆ.