ಕೊನೆಯ ಡ್ರಮ್ಮಿನ ನೀರು

ಪಾಂಡವಪುರದ ಹೊರವಲಯದ ಕಾಗದದ ಕಾರ್ಖಾನೆಯಲ್ಲಿ ಲಕ್ಷ್ಮಣಾಚಾರಿಗೆ ಇಪ್ಪತ್ತಾರು ವರ್ಷದ ನೌಕರಿ. ಬಿಂಡಿಗನವಿಲೆಯ ಬಡಗಿ ಮನೆತನದವನು. ಬೇಯಿಸಿದ ಮರದ ತಿರುಳನ್ನು ಬಿಳುಪು ಮಾಡಿ ತೊಳೆಯುವ ವಿಭಾಗ ಅವನದು. ಮೂರು ಸಲ ಬಿಳುಪಿನ ಮದ್ದು, ಒಂದೊಂದು ಮದ್ದಿಗೂ ಒಂದು ದೊಡ್ಡ ಡ್ರಮ್ಮು, ಅದರ ಮೇಲೆ ಹೊಸ ನೀರಲ್ಲಿ ತೊಳೆತ. ತೊಳೆದ ಕಂದು ನೀರೆಲ್ಲ ಹಳ್ಳದ ಪಾಲು.

ಹಳ್ಳದ ಪಕ್ಕದಲ್ಲೇ ಬೋರಯ್ಯನ ಗದ್ದೆ. ಊರಿಗೆ ಹೊಸಬನಾಗಿ ಬಂದ ಲಕ್ಷ್ಮಣನಿಗೆ ಇರಲು ಮನೆ ಕೊಟ್ಟವನು, ಅಂದಿನಿಂದಲೂ ಜೀವದ ಗೆಳೆಯ. ಒಂದು ಬೇಸಗೆ, ಆ ನೀರು ಕುಡಿದ ಬೋರಯ್ಯನ ಗಬ್ಬದ ಎಮ್ಮೆ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಅವನು ಕಾರ್ಖಾನೆಯ ಗೇಟಿಗೇ ಬಂದ.

"ಅದು ನೀನು ತೊಳ್ದ ನೀರು ಕಣ್ಲಾ. ಇನ್ನು ನಮ್ಮನೆ ಒಸ್ಲು ತುಳೀಬ್ಯಾಡ."

ಲಕ್ಷ್ಮಣ ಒಳಗೆ ಹೋಗಿ ಡ್ರಮ್ಮುಗಳ ಮುಂದೆ ನಿಂತು ನೋಡಿದ. ನೀರು ಚಿಮ್ಮುವ ತೂತುಗಳಲ್ಲಿ ಅರ್ಧಕ್ಕರ್ಧ ಕಟ್ಟಿಕೊಂಡಿದ್ದವು. ತಿರುಳು ಕೊಳೆ ಹೊತ್ತುಕೊಂಡೇ ಮುಂದಕ್ಕೆ ಹೋಗುತ್ತಿತ್ತು, ಅದಕ್ಕೆ ಮದ್ದೂ ಹೆಚ್ಚು ಬೀಳುತ್ತಿತ್ತು. ತಂತಿ ಹಾಕಿ ಒಂದೊಂದನ್ನೇ ಬಿಡಿಸಿದ. ಆಮೇಲೆ ಇಂಜಿನಿಯರ್ ಶ್ವೇತಳ ಹತ್ತಿರ ಹೋದ.

"ಮೇಡಂ, ಕಡೇ ಡ್ರಮ್ಮಿನ ನೀರು ಎಚ್ಚುಕಮ್ಮಿ ತಿಳಿಯಾಗೇ ಅದೆ. ಚೆಲ್ಲೋ ಬದ್ಲು ಮುಂಚಿನ ಡ್ರಮ್ಮಿಗೆ ಬುಟ್ರೆ?"

ಮೊದಲ ಸಲ ನಡುವಿನ ಡ್ರಮ್ಮಿಗೆ ಬಿಟ್ಟರು. ಅಲ್ಲಿನ ಕ್ಷಾರಕ್ಕೂ ಈ ಹುಳಿ ನೀರಿಗೂ ಹೊಂದಲಿಲ್ಲ. ನೊರೆ ಉಕ್ಕಿ ನೆಲವೆಲ್ಲ ತುಂಬಿತು, ಆ ದಿನದ ತಿರುಳು ಹಳದಿಯಾಯಿತು. ಮೇಲಿನವರು ಎಲ್ಲರೆದುರು ಲಕ್ಷ್ಮಣನ ಮಾನ ಕಳೆದರು. ಶ್ವೇತ ಮಾತ್ರ ಪಟ್ಟು ಬಿಡದೆ, ನಡುವಿನದನ್ನು ದಾಟಿಸಿ ಮೊದಲ ಡ್ರಮ್ಮಿಗೇ ಪೈಪು ಎಳೆಸಿದಳು. ಅಲ್ಲಿಯದೂ ಹುಳಿಯೇ ಆದ್ದರಿಂದ ಅದು ಕೂಡಿಬಂತು. ಹಳ್ಳಕ್ಕೆ ಹೋಗುವ ನೀರು ಮೂರರಲ್ಲೊಂದು ಪಾಲು ಇಳಿಯಿತು, ಬಣ್ಣವೂ ತೆಳುವಾಯಿತು.

"ಇನ್ನಾದ್ರೂ ಓಗಿ ಬೋರಯ್ಯಣ್ಣನ್ನ ಮಾತಾಡ್ಸ್ಕೊಂಡು ಬನ್ನಿ," ಎಂದಳು ಹೆಂಡತಿ ನಾಗಲಕ್ಷ್ಮಮ್ಮ.

"ಇನ್ನೂ ವಸಿ ಬಣ್ಣ ಅದೆ ಕಣೆ. ಪೂರಾ ತಿಳಿಯಾಗ್ಲಿ, ಆಗ ಯಾವ ಮೊಕ ಒತ್ಕೊಂಡು ಓಗ್ಲಿ ಅನ್ನೋದಿರಕಿಲ್ಲ."

ಹಾಗೆಯೇ ಎಂಟು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಬೋರಯ್ಯ ಗದ್ದೆ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಸಿದವನು ಏಳಲಿಲ್ಲ. ಲಕ್ಷ್ಮಣ ಓಡಿ ಬರುವ ಹೊತ್ತಿಗೆ ಚಟ್ಟ ಕಟ್ಟುತ್ತಿದ್ದರು.

ಹನ್ನೊಂದನೇ ದಿನದ ತಿಥಿಗೆ ಬೋರಯ್ಯನ ಹೆಂಡತಿ ಪುಟ್ಟತಾಯಮ್ಮನೇ ಹೇಳಿಕಳಿಸಿದಳು. ಜಗುಲಿಯ ಮೂಲೆಯಲ್ಲಿ ಕೂತಿದ್ದವನ ಹತ್ತಿರ ಬಂದಳು.

"ನೀರು ಬದ್ಲಾಗಿದ್ದ ನೋಡಿದ್ರು ಕಣಣ್ಣ. 'ಇದು ಆಚಾರಿ ಕೆಲ್ಸವೇ' ಅಂತಿದ್ರು. ಯೋಳ್ಕಳುಸ್ಲಾ ಅಂದ್ರೆ, 'ಬ್ಯಾಡ, ಅವ್ನೇ ಬತ್ತಾನೆ' ಅನ್ನೋರು. ದಿನಾ ಸಂಜೆ ರಸ್ತೆ ಕಡೀಕೇ ಮೊಕ ಮಾಡ್ಕೊಂಡು ಕೂತ್ಕೊಳ್ಳೋರು."

ಲಕ್ಷ್ಮಣ ಎಲೆಯ ಮುಂದೆ ಕೂತ. ಕಲಸಿದ ತುತ್ತು ಬಾಯಿವರೆಗೂ ಹೋಗಲಿಲ್ಲ. ಪಂಕ್ತಿಯಲ್ಲಿ ಅಷ್ಟು ಜನರಿದ್ದಾರೆ ಎನ್ನುವುದನ್ನೂ ಮರೆತು, ಗಟ್ಟಿಯಾಗಿ ಅತ್ತುಬಿಟ್ಟ.